ಒಲೆಯ ಹೊಗೆಕೊಳವೆಯನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು?



ಎತ್ತಿನ ಲಾಳ ಸವೆದರೆ ನಡಿಗೆಯಲ್ಲೇ ನಿಮಗೆ ತಿಳಿಯುತ್ತದೆ. ಪಂಪ್‌ಸೆಟ್ಟಿನ ಸದ್ದು ಕೊಂಚ ಬದಲಾದರೂ ಬದುವಿನ ಮೇಲೆ ನಿಂತೇ ಗುರುತಿಸುತ್ತೀರಿ. ಆದರೆ ಅಡುಗೆಮನೆಯ ಒಲೆಯಿಂದ ಮಾಡಿನ ಮೇಲಕ್ಕೆ ಹೋಗಿರುವ ಹೊಗೆಕೊಳವೆಯನ್ನು ಕಡೆಯ ಸಲ ಯಾವಾಗ ನೋಡಿದಿರಿ ಎಂದು ಕೇಳಿದರೆ ಬಹುಮಂದಿಗೆ ನೆನಪಾಗುವುದಿಲ್ಲ. ಒಲೆ ಕಟ್ಟಿಸಿದ ದಿನ ನೋಡಿದ್ದು, ಅಷ್ಟೇ. ಬಚ್ಚಲ ಹಂಡೆಯ ಒಲೆಯ ಕೊಳವೆಯ ಪಾಡಂತೂ ಹೇಳುವುದೇ ಬೇಡ.

“ಈಗ ಮನೆಗೆ ಗ್ಯಾಸ್ ಬಂದಿದೆ, ಹೊಗೆಕೊಳವೆಯ ಮಾತೇಕೆ?” ಎಂದು ನೀವು ಕೇಳಬಹುದು. ಗ್ಯಾಸ್ ಬಂದಿರುವುದು ನಿಜ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಹಳ್ಳಿಗಳಲ್ಲಿ ಸಿಲಿಂಡರು ಕಾಣದ ಮನೆ ಕಡಮೆಯಾಗಿದೆ. ಆದರೂ ಸ್ನಾನದ ನೀರು ಕಾಯುವುದು ಸೌದೆಯಲ್ಲಿ, ದನಕ್ಕೆ ಹುರುಳಿ ಬೇಯುವುದು ಸೌದೆಯಲ್ಲಿ, ಹಬ್ಬ ಮದುವೆಗಳ ದೊಡ್ಡ ಅಡುಗೆ ಸೌದೆಯಲ್ಲಿ. ಮಲೆನಾಡಿನ ಅಡಿಕೆ ಬೇಯಿಸುವ ಒಲೆ, ಮಂಡ್ಯದ ಕಡೆಯ ಆಲೆಮನೆ, ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನು ಇವೂ ಬೆಂಕಿಯ ಕೆಲಸಗಳೇ. ಗ್ಯಾಸ್ ಬಂದುದರಿಂದ ಹೊಸದೊಂದು ತೊಂದರೆಯೂ ಹುಟ್ಟಿದೆ. ಆಗೊಮ್ಮೆ ಈಗೊಮ್ಮೆ ಮಾತ್ರ ಉರಿಸುವ ಒಲೆಯ ಕೊಳವೆಯಲ್ಲಿ ಗುಬ್ಬಿ, ಅಳಿಲು, ಕಣಜಗಳು ಸಂಸಾರ ಹೂಡುತ್ತವೆ. ಹಬ್ಬದ ದಿನ ಬೆಂಕಿ ಹಾಕಿದಾಗ ಹೊಗೆಯೆಲ್ಲ ಒಳಗೇ ಹೊರಳುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ದಿನವೂ ಉರಿಯುವ ಒಲೆಯ ಕೊಳವೆಯನ್ನು ತಿಂಗಳಿಗೊಮ್ಮೆ ನೋಡಿ ಮಸಿ ಬೀಳಿಸಬೇಕು. ವರ್ಷಕ್ಕೆರಡು ಸಲ ಬುಡದಿಂದ ತುದಿಯವರೆಗೆ ಪೂರ್ಣ ಪರೀಕ್ಷೆ ಮಾಡಬೇಕು. ಅಪರೂಪಕ್ಕೆ ಉರಿಸುವ ಒಲೆಯಾದರೆ, ಉರಿಸುವ ಮುನ್ನ ಪ್ರತಿ ಸಲವೂ ನೋಡಬೇಕು. ಏಕೆ, ಹೇಗೆ ಎಂಬುದನ್ನು ಮುಂದೆ ಓದಿರಿ.

ಕೊಳವೆಯೊಳಗೆ ನಡೆಯುವುದೇನು?

ಬಿಸಿಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಒಲೆಯಲ್ಲಿ ಬಿಸಿಯಾದ ಗಾಳಿ ಕೊಳವೆಯಲ್ಲಿ ಮೇಲೇರುತ್ತದೆ. ಅದು ತೆರವು ಮಾಡಿದ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಈ ಸೆಳೆತವಿದ್ದರೆ ಊದುಗೊಳವೆಯ ಕೆಲಸವೇ ಇಲ್ಲ. ಕೊಳವೆ ಎತ್ತರವಿದ್ದಷ್ಟೂ, ಒಳಗಿನ ಹೊಗೆ ಬಿಸಿಯಾಗಿದ್ದಷ್ಟೂ ಸೆಳೆತ ಹೆಚ್ಚು.

ಆದರೆ ಹೊಗೆಯಲ್ಲಿ ಗಾಳಿಯೊಂದೇ ಇರುವುದಿಲ್ಲ. ಉರಿಯದೆ ಉಳಿದ ಇಂಗಾಲದ ಪುಡಿ, ನೀರಿನ ಆವಿ, ಕಟ್ಟಿಗೆಯ ಟಾರು ಇವೆಲ್ಲ ಅದರೊಡನೆ ಮೇಲಕ್ಕೆ ಹೋಗುತ್ತವೆ. ಕೊಳವೆಯ ಮೇಲ್ಭಾಗ ಹೊರಗಿನ ಗಾಳಿಗೆ ತಣ್ಣಗಿರುತ್ತದೆ. ಸುಮಾರು 120 ಡಿಗ್ರಿಗಿಂತ ತಣ್ಣಗಾದೊಡನೆ ಟಾರು ಗೋಡೆಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಮಸಿಯ ಪುಡಿ ಕೂರುತ್ತದೆ. ಹೀಗೆ ಪದರದ ಮೇಲೆ ಪದರ ಬೆಳೆಯುತ್ತದೆ. ಅಡುಗೆಮನೆಯ ಜಂತಿಯಲ್ಲಿ ಜೋತಾಡುವ ಇಲ್ಲಣ ನಿಮ್ಮ ಕಣ್ಣಿಗೆ ಬೀಳುತ್ತದೆ, ಗುಡಿಸುತ್ತೀರಿ. ಕೊಳವೆಯೊಳಗಿನದು ಕಾಣುವುದಿಲ್ಲ, ಆದ್ದರಿಂದ ಬೆಳೆಯುತ್ತಲೇ ಹೋಗುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಾಲ್ಕು ಅಂಗುಲ ಅಗಲದ ಕೊಳವೆಯಲ್ಲಿ ಸುತ್ತಲೂ ಅರ್ಧ ಅಂಗುಲ ಮಸಿ ಕಟ್ಟಿತೆನ್ನಿ. ಉಳಿಯುವ ಅಗಲ ಮೂರು ಅಂಗುಲ. ಮುಕ್ಕಾಲು ಪಾಲು ಉಳಿಯಿತಲ್ಲ ಎಂದುಕೊಳ್ಳಬೇಡಿರಿ. ಹೊಗೆ ಹಾಯುವ ಜಾಗವನ್ನು ಅಳೆದರೆ ಹದಿನಾರರಲ್ಲಿ ಒಂಬತ್ತು ಪಾಲು ಮಾತ್ರ ಉಳಿದಿದೆ, ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಹೋಯಿತು. ಮಸಿ ಒಂದು ಅಂಗುಲವಾದರೆ ನಾಲ್ಕರಲ್ಲಿ ಒಂದೇ ಪಾಲು ಗತಿ. ಮೂರು ಅಂಗುಲದ ಕೊಳವೆಯಾದರೆ ಅರ್ಧ ಅಂಗುಲ ಮಸಿಗೇ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗುತ್ತದೆ. ಪಂಪಿನ ಪೈಪಿನಲ್ಲಿ ಪಾಚಿ ಕಟ್ಟಿದರೆ ನೀರು ಇಳಿಮುಖವಾಗುವ ಹಾಗೆಯೇ ಇದೂ.

ಮೂರು ಬಗೆಯ ಕೇಡು

ಮೊದಲನೆಯದು ದಿನದಿನದ ಹೊಗೆ. ಸೆಳೆತ ತಗ್ಗಿದ ಒಲೆ ಹೊಗೆಯನ್ನು ಮನೆಯೊಳಗೆ ಉಗುಳುತ್ತದೆ. ಒಲೆಯ ಮುಂದೆ ಕೂರುವವರು ಹೆಂಗಸರು, ಅವರ ಮಡಿಲಲ್ಲಿ ಇಲ್ಲವೆ ಬದಿಯಲ್ಲಿ ಮಗು. ಕಣ್ಣುರಿ, ಕೆಮ್ಮು, ಉಬ್ಬಸ, ಮಕ್ಕಳಿಗೆ ನ್ಯುಮೋನಿಯಾ ಇವೆಲ್ಲ ಈ ಹೊಗೆಯ ಕೊಡುಗೆ. ಅಡುಗೆಮನೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲ ಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೀಡಿ ಸೇದದ ಅಜ್ಜಿಗೆ ಬೀಡಿ ಸೇದುವವನ ಕೆಮ್ಮು ಏಕೆ ಬಂತೆಂದು ವೈದ್ಯರನ್ನು ಕೇಳುವ ಮೊದಲು ಒಲೆಯ ಕೊಳವೆಯನ್ನು ನೋಡಿರಿ.

ಎರಡನೆಯದು ಕಣ್ಣಿಗೆ ಕಾಣದ ವಿಷಾನಿಲ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ಉಸಿರಾಟವನ್ನೇ ನಿರರ್ಥಕ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಂತಿ, ಕಾಲು ಸೋಲುವುದು ಇದರ ಲಕ್ಷಣಗಳು. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ, ಚಳಿಗಾಲದಲ್ಲಿ ಕೆಂಡವಿಟ್ಟುಕೊಂಡು ಮಲಗುವ ಬಾಣಂತಿಯ ಕೋಣೆಯಲ್ಲಿ ಇದು ಪ್ರಾಣಕ್ಕೇ ಸಂಚು. ಗಾಳಿ ಆಡದ ಬಚ್ಚಲಲ್ಲಿ ಹಾಕಿದ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯವಿದೆ. ಹೊಗೆ ಕಾಣದು ಎಂಬ ಕಾರಣಕ್ಕೆ ಅದನ್ನು ನಂಬಿ ಕೂರಬೇಡಿರಿ. ಇಂಥ ಲಕ್ಷಣ ಕಂಡವರನ್ನು ಕೂಡಲೇ ಬಯಲಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮೂರನೆಯದು ಬೆಂಕಿ. ಕೊಳವೆಯಲ್ಲಿ ಕಟ್ಟಿದ ಟಾರು ಸ್ವತಃ ಒಳ್ಳೆಯ ಉರುವಲು. ಒಂದು ದಿನ ತೆಂಗಿನ ಗರಿಯನ್ನೋ ಒಣಗಿದ ಸೋಗೆಯನ್ನೋ ಒಲೆಗೆ ತುರುಕಿದಾಗ ಎದ್ದ ಜ್ವಾಲೆ ಕೊಳವೆಗೆ ಹತ್ತಿದರೆ, ಒಳಗಿನ ಮಸಿಯೇ ಹೊತ್ತಿಕೊಳ್ಳುತ್ತದೆ. ಆಗ ಒಳಗಿನ ಕಾವು ಸಾವಿರ ಡಿಗ್ರಿಯವರೆಗೂ ಏರಬಹುದು. ಇಟ್ಟಿಗೆಯ ಗಾರೆ ಬಿರಿಯುತ್ತದೆ, ತಗಡು ಕೆಂಪಗೆ ಕಾಯುತ್ತದೆ, ತುದಿಯಿಂದ ಕಿಡಿ ಹಾರುತ್ತದೆ. ಪಕ್ಕದಲ್ಲಿ ಹುಲ್ಲಿನ ಬಣವೆ, ಮೇಲೆ ಸೋಗೆಯ ಮಾಡು, ಅಟ್ಟದ ಮೇಲೆ ವರ್ಷದ ಅಡಿಕೆ. ಮುಂದೇನಾಗುವುದೆಂದು ಬರೆಯಬೇಕಾಗಿಲ್ಲ.

ಹಿಂದಿನ ಅನುಭವ ಕಲಿಸುವುದೇನು?

ಹೊಗೆಯಿಲ್ಲದ ಅಡುಗೆಮನೆಯ ಕನಸು ನಮ್ಮ ದೇಶದಲ್ಲಿ ಹಳೆಯದು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು 1953ರಲ್ಲೇ ಕೊಳವೆಯುಳ್ಳ ಮಣ್ಣಿನ ಒಲೆಯ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಪ್ರಯೋಗ ಕೇಂದ್ರವಿತ್ತು. ಅಲ್ಲಿನ ವಿಜ್ಞಾನಿಗಳು ರೂಪಿಸಿದ, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ ‘ಅಸ್ತ್ರ ಒಲೆ’ ನಮ್ಮ ಹಳ್ಳಿಗಳಲ್ಲಿ ಮನೆಮಾತಾಯಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ಪಾತ್ರೆಗೆ ತಲಪಿದರೆ, ಇಂಥ ಒಲೆಯಲ್ಲಿ ಅದರ ಎರಡು ಮೂರು ಪಟ್ಟು ತಲಪುತ್ತದೆ. 1983ರಲ್ಲಿ ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಕೈಗೊಂಡು ದೇಶದ ತುಂಬ ಕೋಟಿಗಟ್ಟಲೆ ಒಲೆ ಹಾಕಿಸಿತು. 2002ರಲ್ಲಿ ಆ ಕಾರ್ಯಕ್ರಮ ನಿಂತುಹೋಯಿತು.

ಹಾಕಿಸಿದ ಒಲೆಗಳಲ್ಲಿ ಬಹಳಷ್ಟು ಏಕೆ ಬಾಳಲಿಲ್ಲ? ಒಲೆ ಕಟ್ಟಿದವನು ಹೋದ ಮೇಲೆ ಕೊಳವೆ ಗುಡಿಸುವವರು ಯಾರೆಂಬುದೇ ತೀರ್ಮಾನವಾಗಿರಲಿಲ್ಲ. ಒಡಿಶಾದ ಸುಮಾರು 2600 ಮನೆಗಳನ್ನು ನಾಲ್ಕು ವರ್ಷ ಗಮನಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಮಾಡಿದ ಅಧ್ಯಯನವದು. ಕೊಳವೆಯುಳ್ಳ ಒಲೆಯಿಂದ ಮೊದಲ ವರ್ಷ ಹೊಗೆ ಸೇವನೆ ಕಡಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಒಲೆಯನ್ನು ಸರಿಯಾಗಿ ಬಳಸದೆ, ರಿಪೇರಿ ಮತ್ತು ಶುಚಿಗೆ ಗಮನ ಕೊಡದೆ ಹೋದುದೇ ಕಾರಣವೆಂದು ಅವರು ಕಂಡುಕೊಂಡರು. ಒಲೆ ಕೆಟ್ಟದ್ದಲ್ಲ, ಅದನ್ನು ನೋಡಿಕೊಳ್ಳುವ ಕೈ ಇರಲಿಲ್ಲ. ಗಿಡ ನೆಟ್ಟವನು ನೀರು ಹಾಕದಿದ್ದರೆ ಬೀಜವನ್ನು ದೂರಿ ಫಲವೇನು?

ಯಾವ ಒಲೆಗೆ ಎಷ್ಟು ಸಲ?

ಅಮೆರಿಕದ ಅಗ್ನಿಸುರಕ್ಷೆಯ ನಿಯಮಾವಳಿ ಎಲ್ಲ ಹೊಗೆಗೂಡುಗಳನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆನ್ನುತ್ತದೆ. ಜರ್ಮನಿಯಲ್ಲಿ ವರ್ಷವಿಡೀ ಕಟ್ಟಿಗೆ ಉರಿಸುವ ಒಲೆಯ ಕೊಳವೆಯನ್ನು ವರ್ಷಕ್ಕೆ ನಾಲ್ಕು ಸಲ ಗುಡಿಸಬೇಕೆಂಬ ನಿಯಮವಿದೆ, ಅದಕ್ಕೆಂದೇ ತರಬೇತಿ ಪಡೆದ ಕಸುಬುದಾರರಿದ್ದಾರೆ. ಆದರೆ ಅಲ್ಲಿನ ಕೊಳವೆಗಳು ನಮ್ಮವಕ್ಕಿಂತ ಅಗಲ, ಉರಿಸುವ ಕಟ್ಟಿಗೆಯೂ ಚೆನ್ನಾಗಿ ಒಣಗಿದ್ದು. ನಮ್ಮಲ್ಲಿ ಕೊಳವೆ ಮೂರು ನಾಲ್ಕು ಅಂಗುಲದ್ದು, ಒಲೆ ದಿನಕ್ಕೆ ಎರಡು ಮೂರು ಹೊತ್ತು ಉರಿಯುತ್ತದೆ, ಮಳೆಗಾಲದಲ್ಲಿ ಸೌದೆ ಹಸಿ. ಆದ್ದರಿಂದ ನಮಗೆ ಇನ್ನೂ ಬೇಗ ಬೇಗ ನೋಡುವುದು ಅಗತ್ಯ.

ದಿನಂಪ್ರತಿ ಉರಿಯುವ ಅಡುಗೆ ಒಲೆ ಮತ್ತು ಬಚ್ಚಲ ಒಲೆ: ತಿಂಗಳಿಗೊಮ್ಮೆ. ಅಮಾವಾಸ್ಯೆಯ ದಿನ ಅನೇಕ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ. ಆ ದಿನವನ್ನೇ ಇದಕ್ಕೆ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಮಳೆಗಾಲದಲ್ಲಿ ಹಸಿ ಸೌದೆ ಉರಿಸುವ ಮಲೆನಾಡಿನವರು ಹುಣ್ಣಿಮೆಗೂ ಒಮ್ಮೆ ನೋಡುವುದು ಲೇಸು.

ಪೂರ್ಣ ಪರೀಕ್ಷೆ: ವರ್ಷಕ್ಕೆರಡು ಸಲ. ಒಂದು, ರೋಹಿಣಿ ಮಳೆ ಹಿಡಿಯುವ ಮೊದಲು, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ. ಆಗ ಹೆಂಚು ಕೈಯಾಡಿಸುವ ಕೆಲಸವೂ ಇರುತ್ತದೆ, ಒಟ್ಟಿಗೇ ಆಗುತ್ತದೆ. ಎರಡು, ದೀಪಾವಳಿಯ ನೀರು ತುಂಬುವ ಹಬ್ಬದ ಮೊದಲು. ಹಂಡೆಯನ್ನು ತಿಕ್ಕಿ ಬೆಳಗಿ ಸುಣ್ಣದ ಪಟ್ಟೆ ಎಳೆಯುವವರು ಅದರ ಹಿಂದಿನ ಕೊಳವೆಯನ್ನು ಬಿಡುವುದೇಕೆ?

ಅಪರೂಪಕ್ಕೆ ಉರಿಸುವ ಒಲೆ: ಲೆಕ್ಕ ತಿಂಗಳಿನದಲ್ಲ. ಬೆಂಕಿ ಹಾಕುವ ಹಿಂದಿನ ದಿನ ಪ್ರತಿ ಸಲವೂ ನೋಡಿರಿ.

ಅಡಿಕೆ ಬೇಯಿಸುವ ಒಲೆ: ಕೊಯ್ಲು ಆರಂಭವಾಗುವ ಮೊದಲೊಮ್ಮೆ, ಸುಗ್ಗಿಯ ನಡುವೆ ಹದಿನೈದು ದಿನಕ್ಕೊಮ್ಮೆ. ಹಗಲು ರಾತ್ರಿ ಉರಿಯುವ ಒಲೆ ತಿಂಗಳ ಮಸಿಯನ್ನು ಒಂದು ವಾರದಲ್ಲೇ ಕಟ್ಟಬಲ್ಲದು.

ಹೊಗೆಸೊಪ್ಪಿನ ಬ್ಯಾರನ್ನು: ಹದ ಮಾಡುವ ಕೆಲಸಕ್ಕೆ ಮೊದಲು ಒಳಗಿನ ತಗಡಿನ ಕೊಳವೆಗಳನ್ನೆಲ್ಲ ಬಿಚ್ಚಿ ಗುಡಿಸಿ, ತುಕ್ಕಿನ ತೂತು ಇದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿರಿ. ಪ್ರತಿ ಸಲ ಸೊಪ್ಪು ತುಂಬುವ ಮುನ್ನ ಕೊಳವೆಯ ಮೇಲೆ ಉದುರಿದ ಎಲೆಗಳನ್ನು ತೆಗೆಯಿರಿ. ಕಾದ ಕೊಳವೆಯ ಮೇಲೆ ಬಿದ್ದ ಒಂದು ಒಣ ಎಲೆ ಇಡೀ ಬ್ಯಾರನ್ನನ್ನು ಸುಡಬಲ್ಲದು.

ಆಲೆಮನೆ: ಅರೆತ ಶುರುವಾಗುವ ಮೊದಲು ಹೊಗೆಗೂಡಿನ ಬುಡದ ಬೂದಿ ತೆಗೆದು, ಇಟ್ಟಿಗೆಯ ಬಿರುಕು ನೋಡಿಸಿರಿ.

ಪರೀಕ್ಷೆ ಮಾಡುವ ವಿಧಾನ

ಇದಕ್ಕೆ ಪೇಟೆಯಿಂದ ಯಾರನ್ನೂ ಕರೆಸಬೇಕಾಗಿಲ್ಲ. ಮನೆಯಲ್ಲಿರುವ ಸಾಮಾನಿನಿಂದಲೇ ಆಗುತ್ತದೆ.

1. ಊದುಬತ್ತಿ ಪರೀಕ್ಷೆ. ಒಲೆ ಉರಿಯುತ್ತಿರುವಾಗ ಹೊತ್ತಿಸಿದ ಊದುಬತ್ತಿಯನ್ನು ಒಲೆಯ ಬಾಯಿಯ ಮುಂದೆ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಸೆಳೆದುಕೊಂಡು ಹೋದರೆ ಸರಿ. ಅಲ್ಲೇ ಅಲೆದಾಡಿದರೆ ಅಥವಾ ನಿಮ್ಮ ಕಡೆಗೆ ತಿರುಗಿದರೆ ಕೊಳವೆ ಕಟ್ಟಿದೆ ಎಂದು ತಿಳಿಯಿರಿ.

2. ಕನ್ನಡಿ ಪರೀಕ್ಷೆ. ಒಲೆ ಪೂರ್ತಿ ಆರಿದ ಮೇಲೆ, ಕೊಳವೆಯ ಬುಡದ ಮಸಿಕಿಂಡಿಯಲ್ಲಿ ಸಣ್ಣ ಕನ್ನಡಿಯನ್ನು ಓರೆಯಾಗಿ ಹಿಡಿಯಿರಿ. ಹಗಲಿನಲ್ಲಿ ಆಕಾಶ ದುಂಡಗೆ ನಾಣ್ಯದಂತೆ ಕಾಣಬೇಕು. ಅಂಚು ಸೊಟ್ಟಗಿದ್ದರೆ ಮಸಿ ಕಟ್ಟಿದೆ. ಏನೂ ಕಾಣದಿದ್ದರೆ ಗೂಡೋ ಕಸವೋ ಅಡ್ಡವಿದೆ. ಮೇಲ್ಗಡೆ ಟೋಪಿಯಿದ್ದರೆ ಅದರ ಸುತ್ತಿನ ಬೆಳಕಾದರೂ ಕಾಣಬೇಕು. ಕೊಳವೆಯಲ್ಲಿ ಬಾಗಿದ್ದರೆ ಈ ಪರೀಕ್ಷೆ ನಡೆಯದು, ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಕಲ್ಲನ್ನು ಇಳಿಸಿ ನೋಡಬೇಕು.

3. ಒದ್ದೆ ಗೋಣಿಯ ಪರೀಕ್ಷೆ. ಒಲೆಯಲ್ಲಿ ಸ್ವಲ್ಪ ಹಸಿ ಹುಲ್ಲು ಹಾಕಿ ಹೊಗೆ ಎಬ್ಬಿಸಿರಿ. ಕೊಳವೆಯ ತುದಿಯನ್ನು ಒದ್ದೆ ಗೋಣಿಯಿಂದ ಒಂದೆರಡು ನಿಮಿಷ ಮುಚ್ಚಿಸಿರಿ. ಎಲ್ಲೆಲ್ಲಿ ಹೊಗೆ ಜಿನುಗುವುದೋ ಅಲ್ಲಲ್ಲಿ ಬಿರುಕು ಅಥವಾ ಸಡಿಲ ಜೋಡಣೆ ಇದೆ. ಅಟ್ಟದ ಮೇಲೆ ಒಬ್ಬರು ನಿಂತು ನೋಡಬೇಕು, ಏಕೆಂದರೆ ಅಲ್ಲಿಯ ಬಿರುಕೇ ಹೆಚ್ಚು ಅಪಾಯಕಾರಿ. ಬಾಗಿಲು ಕಿಟಕಿ ತೆರೆದಿರಲಿ, ಮಕ್ಕಳು ಹೊರಗಿರಲಿ. ಗುರುತು ಮಾಡಿಕೊಂಡೊಡನೆ ಗೋಣಿ ತೆಗೆದುಬಿಡಿರಿ.

4. ಮಸಿಯ ಪರೀಕ್ಷೆ. ಮಸಿಕಿಂಡಿಯಲ್ಲಿ ಕಡ್ಡಿ ಹಾಕಿ ಗೀರಿ ನೋಡಿರಿ. ಪುಡಿಯಾಗಿ ಉದುರಿದರೆ ಸಾಧಾರಣ ಮಸಿ, ಕುಂಚಕ್ಕೆ ಬರುತ್ತದೆ. ಹಪ್ಪಳದಂತೆ ಚಕ್ಕೆ ಚಕ್ಕೆಯಾಗಿದ್ದರೆ ಕೂಡಲೇ ತೆಗೆಯಬೇಕು. ಬಳಿದ ಡಾಂಬರಿನಂತೆ ಕರ್ರಗೆ ಹೊಳೆಯುತ್ತಿದ್ದರೆ ಆ ಕೊಳವೆಯಲ್ಲಿ ಬೆಂಕಿ ಬೀಳುವ ಸಂಭವವಿದೆ, ತಗಡಿನದಾದರೆ ಬದಲಿಸುವುದೇ ಮೇಲು. ಮಸಿ ಮೂರು ಮಿಲಿಮೀಟರಿನಷ್ಟು ದಪ್ಪವಾದರೆ, ಅಂದರೆ ಎರಡು ಹಳೆಯ ರೂಪಾಯಿ ನಾಣ್ಯ ಜೋಡಿಸಿದಷ್ಟಾದರೆ, ತಿಂಗಳು ತುಂಬಲಿ ಎಂದು ಕಾಯಬೇಡಿರಿ.

ಪೂರ್ಣ ಪರೀಕ್ಷೆಯ ದಿನ ಇನ್ನೂ ಕೆಲವನ್ನು ನೋಡಬೇಕು. ಕೊಳವೆಯ ತುದಿ ಮಾಡಿನಿಂದ ಹೊರಬಿದ್ದ ಕಡೆ ಕನಿಷ್ಠ ಮೂರು ಅಡಿ ಎತ್ತರವಿರಬೇಕು, ಹತ್ತು ಅಡಿ ಸುತ್ತಿನೊಳಗಿನ ಕೂರಿಗಿಂತ ಎರಡು ಅಡಿ ಮೇಲಿರಬೇಕು. ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ಹಿಂದಕ್ಕೆ ಬರುತ್ತದೆ. ಒಂದೇ ಪದರದ ತಗಡಿನ ಕೊಳವೆಗೂ ಮರದ ಜಂತಿಗೂ ಒಂದೂವರೆ ಅಡಿ ಅಂತರವಿರಲಿ. ಸೋಗೆ ಹುಲ್ಲಿನ ಮಾಡಿನಲ್ಲಿ ತಗಡಿನ ಕೊಳವೆ ಹಾಯಿಸಲೇಬೇಡಿರಿ. ಗೋಡೆಯಿಂದ ಹೊರಕ್ಕೆ ಒಯ್ದು ಇಟ್ಟಿಗೆಯ ಗೂಡು ಕಟ್ಟಿಸುವುದು ಉತ್ತಮ. ತುದಿಯ ಟೋಪಿ ಗಟ್ಟಿಯಾಗಿದೆಯೇ, ಹಕ್ಕಿ ಹೊಗದಂತೆ ತಂತಿ ಬಲೆ ಇದೆಯೇ, ಆ ಬಲೆಯೇ ಮಸಿಯಿಂದ ಮುಚ್ಚಿದೆಯೇ ನೋಡಿರಿ.

ಮಸಿ ತೆಗೆಯುವ ಕ್ರಮ

ಒಲೆ ಆರಿ ಒಂದು ಹಗಲು ಕಳೆದಿರಬೇಕು. ಕೊಳವೆಗಿಂತ ಉದ್ದದ ಬಿದಿರಿನ ಗಳು ತೆಗೆದುಕೊಂಡು ತುದಿಗೆ ತೆಂಗಿನ ನಾರು ಇಲ್ಲವೆ ಗೋಣಿತಾಟಿನ ಉಂಡೆಯನ್ನು ಬಿಗಿಯಾಗಿ ಕಟ್ಟಿರಿ. ಉಂಡೆ ಕೊಳವೆಯಲ್ಲಿ ತುಸು ಬಿಗಿಯಾಗಿ ಹೋಗುವಂತಿರಲಿ. ಪಾತ್ರೆಗಳ ಬಾಯನ್ನೂ ಒಲೆಯ ಬಾಯನ್ನೂ ಒದ್ದೆ ಗೋಣಿಯಿಂದ ಮುಚ್ಚಿ, ಮೇಲಿನಿಂದ ಕೆಳಕ್ಕೆ ಐದಾರು ಸಲ ಆಡಿಸಿರಿ. ಆಮೇಲೆ ಮಸಿಕಿಂಡಿಯಿಂದ ಮಸಿಯನ್ನು ಹೊರತೆಗೆಯಿರಿ. ಒಲೆಯಿಂದ ಕೊಳವೆಗೆ ಹೋಗುವ ಅಡ್ಡದಾರಿಯಲ್ಲೂ ಬೂದಿ ತುಂಬಿರುತ್ತದೆ, ಅದನ್ನು ಮರೆಯಬಾರದು. ಮಸಿಕಿಂಡಿಯೇ ಇಲ್ಲದ ಒಲೆಯಾದರೆ ಕೊಳವೆಯ ಬುಡದಲ್ಲಿ ಒಂದು ಇಟ್ಟಿಗೆಯ ಗಾತ್ರದ ಕಿಂಡಿ ಬಿಡಿಸಿ, ಮಣ್ಣಿನಿಂದ ಮೆತ್ತಿದ ಬಿಲ್ಲೆಯಿಂದ ಮುಚ್ಚಿಸಿರಿ.

ಕೆಲಸ ಮಾಡುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೊನೆಯಲ್ಲಿ ಸೋಪು ಹಚ್ಚಿ ಮೈ ತೊಳೆಯಬೇಕು. ಮಸಿ ಬರಿಯ ಕೊಳೆಯಲ್ಲ. ಹೊಗೆಗೂಡು ಗುಡಿಸುವವರಿಗೆ ಮಸಿಯಿಂದಲೇ ಕ್ಯಾನ್ಸರ್ ಬರುವುದನ್ನು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಗುರುತಿಸಿದ್ದ. ಒಲೆಯ ಬೂದಿ ತಿಪ್ಪೆಗೆ ಹೋಗಲಿ, ಕೊಳವೆಯ ಮಸಿಯನ್ನು ಗುಂಡಿ ತೋಡಿ ಮುಚ್ಚಿರಿ. ಹುಡುಗರನ್ನು ಮಾಡಿನ ಮೇಲೆ ಹತ್ತಿಸಬೇಡಿರಿ. ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಕಾಲಿಟ್ಟರೆ ಶೀಟು ಮುರಿದು ಬೀಳುವುದುಂಟು, ಹಲಗೆ ಹಾಸಿ ನಡೆಯಿರಿ. ಮನೆಗೆ ಬಂದ ವಿದ್ಯುತ್ ತಂತಿ ಹತ್ತಿರವಿದ್ದರೆ ಕಬ್ಬಿಣದ ಸರಳಾಗಲಿ ಹಸಿ ಬಿದಿರಾಗಲಿ ಎತ್ತಬೇಡಿರಿ.

ಕೆಲವರು ಕೊಳವೆಯಲ್ಲಿ ಹುಲ್ಲು ಉರಿಸಿ ಮಸಿ ಸುಡುತ್ತಾರೆ. ಇದು ಖಂಡಿತ ಕೂಡದು. ನೀವೇ ಕೈಯಾರೆ ಕೊಳವೆಗೆ ಬೆಂಕಿ ಹಚ್ಚಿದಂತೆ.

ಹಳೆಯ ಆಸ್‌ಬೆಸ್ಟಾಸ್ ಕೊಳವೆಗಳು

ಹಿಂದೆ ಹಾಕಿಸಿದ ಹೊಗೆಯಿಲ್ಲದ ಒಲೆಗಳಿಗೆ ಬೂದುಬಣ್ಣದ ಆಸ್‌ಬೆಸ್ಟಾಸ್ ಸಿಮೆಂಟಿನ ಕೊಳವೆ ಕೊಡುವ ರೂಢಿಯಿತ್ತು. ಅನೇಕ ಮನೆಗಳಲ್ಲಿ ಅವು ಇನ್ನೂ ನಿಂತಿವೆ. ಅದರ ಸಣ್ಣ ಎಳೆಗಳು ಉಸಿರಿನೊಡನೆ ಒಳಹೋದರೆ ಹತ್ತಾರು ವರ್ಷಗಳ ನಂತರ ಶ್ವಾಸಕೋಶದ ರೋಗವನ್ನೂ ಕ್ಯಾನ್ಸರನ್ನೂ ತರಬಲ್ಲವು. ಗಟ್ಟಿಯಾಗಿರುವ ಕೊಳವೆಯನ್ನು ಕೆಣಕದಿದ್ದರೆ ಹೆಚ್ಚಿನ ಅಪಾಯವಿಲ್ಲ. ಕಬ್ಬಿಣದಿಂದ ಕೆರೆಯುವುದು, ಗರಗಸ ಹಾಕುವುದು, ಸುತ್ತಿಗೆಯಿಂದ ಬಡಿಯುವುದು ಮಾತ್ರ ಬೇಡ. ಮೆತ್ತನೆಯ ಬಟ್ಟೆಯ ಉಂಡೆಯನ್ನೇ ಬಳಸಿರಿ. ಬಿರುಕು ಬಿಟ್ಟಿದ್ದರೆ ನೀರು ಚಿಮುಕಿಸಿ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜನ ಸುಳಿಯದ ಕಡೆ ಆಳವಾಗಿ ಹೂಳಿರಿ. ಬದಲಿಗೆ ಸುಟ್ಟ ಮಣ್ಣಿನ ಕೊಳವೆ, ಇಟ್ಟಿಗೆಯ ಗೂಡು ಅಥವಾ ದಪ್ಪ ತಗಡಿನ ಕೊಳವೆ ಹಾಕಿಸಿರಿ. ಪಿವಿಸಿ ಪೈಪನ್ನು ಯಾವ ಕಾರಣಕ್ಕೂ ಹಾಕಬೇಡಿರಿ, ಅದು ಕಾವಿಗೆ ಕರಗಿ ವಿಷದ ಹೊಗೆ ಬಿಡುತ್ತದೆ.

ಕೊಳವೆಗೆ ಬೆಂಕಿ ಬಿದ್ದರೆ?

ಕೊಳವೆಯಲ್ಲಿ ಲಾರಿ ಬಂದಂತೆ ಗುಯ್ಯೆಂಬ ಸದ್ದು, ತುದಿಯಲ್ಲಿ ಕಿಡಿ ಅಥವಾ ಜ್ವಾಲೆ ಕಂಡರೆ ಬೆಂಕಿ ಹತ್ತಿದೆಯೆಂದು ಅರ್ಥ. ಮೊದಲು ಮಕ್ಕಳು ಮುದುಕರನ್ನು ಹೊರಗೆ ಕಳುಹಿಸಿರಿ. ಒಲೆಯ ಬಾಯನ್ನೂ ಪಾತ್ರೆಗಳ ಬಾಯನ್ನೂ ಒದ್ದೆ ಗೋಣಿ, ಹಸಿ ಮಣ್ಣುಗಳಿಂದ ಮುಚ್ಚಿ ಗಾಳಿ ತಡೆಯಿರಿ. ಗಾಳಿ ಸಿಗದ ಬೆಂಕಿ ತಾನೇ ಸೊರಗುತ್ತದೆ. ಕಾದ ಕೊಳವೆಯೊಳಕ್ಕೆ ನೀರು ಸುರಿಯಬೇಡಿರಿ, ಆವಿಯೆದ್ದು ಕೊಳವೆ ಒಡೆದು ಬಿಸಿ ಕೆಂಡ ಮೈಮೇಲೆ ಬೀಳಬಹುದು. ನೀರನ್ನು ಸುತ್ತಲಿನ ಮಾಡಿಗೆ, ಜಂತಿಗೆ, ಹತ್ತಿರದ ಬಣವೆಗೆ ಎರಚಿರಿ. 101 ಅಥವಾ 112ಕ್ಕೆ ಫೋನು ಮಾಡಿಸಿರಿ. ಕೊಟ್ಟಿಗೆ ಹತ್ತಿರವಿದ್ದರೆ ದನಗಳ ಕಣ್ಣಿ ಬಿಚ್ಚಿರಿ. ಬೆಂಕಿ ಆರಿದ ಮೇಲೂ ಅಟ್ಟದಲ್ಲಿ ಕಿಡಿ ಉಳಿದಿದೆಯೇ ಎಂದು ರಾತ್ರಿಯಿಡೀ ಕಾಯಬೇಕು. ಗಾರೆಯವನು ಬಂದು ಬಿರುಕು ನೋಡುವವರೆಗೆ ಆ ಒಲೆಗೆ ಬೆಂಕಿ ಹಾಕಕೂಡದು.

ಮಸಿ ಕಟ್ಟದಂತೆ ಮಾಡುವುದು ಹೇಗೆ?

ಮಸಿಗೆ ತಾಯಿ ಹಸಿ ಸೌದೆ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧ ನೀರೇ ಇರುತ್ತದೆ. ಬೆಂಕಿಯ ಕಾವೆಲ್ಲ ಆ ನೀರನ್ನು ಒಣಗಿಸುವುದರಲ್ಲೇ ಮುಗಿದು, ಹೊಗೆ ತಣ್ಣಗಾಗಿ, ಟಾರು ಕೊಳವೆಗೆ ಅಂಟುತ್ತದೆ. ಸೌದೆಯನ್ನು ಸೀಳಿ, ಮಳೆ ತಾಗದಂತೆ ಗಾಳಿಯಾಡುವ ಕಡೆ ಆರು ತಿಂಗಳು ಒಟ್ಟಿರಿ. ಈ ಮಳೆಗಾಲದ ಸೌದೆ ಕಳೆದ ದೀಪಾವಳಿಯ ಹೊತ್ತಿಗೇ ಕೊಟ್ಟಿಗೆ ಸೇರಿರಬೇಕು. ಎರಡು ತುಂಡು ಬಡಿದಾಗ ಠಣ್ಣೆಂದರೆ ಒಣಗಿದೆ, ದಬ್ಬೆಂದರೆ ಹಸಿಯಿದೆ. ಸೌದೆಯನ್ನು ಸಣ್ಣಗೆ ಸೀಳಿ ಕಡಮೆ ಕಡಮೆ ಹಾಕಿ ಜೋರಾಗಿ ಉರಿಸಿರಿ. ದಪ್ಪ ಕೊರಡು ತುರುಕಿ ರಾತ್ರಿಯಿಡೀ ಹೊಗೆಯಾಡಿಸಿದರೆ ಮಸಿ ಬೇಗ ಕಟ್ಟುತ್ತದೆ. ಪ್ಲಾಸ್ಟಿಕ್, ರಬ್ಬರು, ಬಣ್ಣ ಹಚ್ಚಿದ ಹಲಗೆ, ಗೊಬ್ಬರದ ಚೀಲ ಇವುಗಳನ್ನು ಒಲೆಗೆ ಹಾಕಲೇಬೇಡಿರಿ. ಮೂರು ಪಾತ್ರೆಯ ಒಲೆಯಲ್ಲಿ ಎರಡೇ ಇಟ್ಟಾಗ ಉಳಿದ ಬಾಯನ್ನು ಮುಚ್ಚಿರಿ, ತೆರೆದಿಟ್ಟರೆ ಸೆಳೆತ ಕೆಡುತ್ತದೆ.

ಕಡೆಯದಾಗಿ ಒಂದು ಮಾತು. ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಗೀಟು ಹಾಕಿ ಇಡುವ ರೂಢಿ ನಿಮ್ಮಲ್ಲಿದೆ. ಹಾಗೆಯೇ ಒಲೆಯ ಪಕ್ಕದ ಗೋಡೆಯ ಮೇಲೆ ಕೊಳವೆ ಗುಡಿಸಿದ ದಿನವನ್ನು ಸೀಮೆಸುಣ್ಣದಿಂದ ಬರೆದಿಡಿರಿ. ಯಾರು ಗುಡಿಸಬೇಕೆಂಬುದೂ ಮನೆಯಲ್ಲಿ ತೀರ್ಮಾನವಾಗಲಿ. ಒಲೆ ಹೆಂಗಸರದು, ಅದರ ಕೊಳವೆಯೂ ಅವರದೇ ಪಾಲಿಗಿರಲಿ ಎಂಬ ಮಾತು ಸಲ್ಲದು. ಮಾಡು ಹತ್ತುವುದು ಗಂಡಸರ ಕೆಲಸವಾದರೆ ಕೊಳವೆಯನ್ನು ನೋಡುವುದೂ ಅವರದೇ ಹೊಣೆ. ಈ ಪುಟವನ್ನು ವಾಚನಾಲಯದಲ್ಲಿ ಓದಿ ಮುಗಿಸಿದವರು ಮನೆಗೆ ಹೋಗಿ ಇಂದೇ ಒಂದು ಊದುಬತ್ತಿ ಹಚ್ಚಿ ನೋಡಿರಿ. ಹೊಗೆ ನಿಮ್ಮ ಕಡೆಗೆ ತಿರುಗಿದರೆ ಅಮಾವಾಸ್ಯೆಯವರೆಗೆ ಕಾಯಬೇಡಿರಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಗಾದೆ ನಮ್ಮ ನಿಮ್ಮ ಮನೆಯ ಕತೆಯಾಗಬಾರದು.